ಮಗು ಕೆಮ್ತಾನೇ ಇದ್ರೆ ಬೀರು ಹಿಂದಿನ ಗೋಡೆ ಒಂದ್ಸಲ ನೋಡಿ

ಬಾಡಿಗೆ ಮನೆ ಹುಡುಕ್ತಾ ಇರೋರು, ಅದ್ರಲ್ಲೂ ಚಿಕ್ಕ ಮಕ್ಕಳಿರೋರು, ದಯವಿಟ್ಟು ಹೊಸ ಪೇಂಟ್ ನೋಡಿ ಅಡ್ವಾನ್ಸ್ ಕೊಟ್ಬಿಡ್ಬೇಡಿ. ಕಬೋರ್ಡ್ ಬಾಗಿಲು ತೆಗೆದು ಒಳಗೆ ಮೂಗಿಟ್ಟು ನೋಡಿ, ಮುಗ್ಗಲು ವಾಸನೆ ಬಂತು ಅಂದ್ರೆ ಓನರ್ ಏನೇ ಹೇಳ್ಲಿ, ಎಲ್ಲೋ ತೇವ ಇದೆ.

ಬೆಂಗಳೂರಲ್ಲಿ ನಾವಿದ್ದ ಹಿಂದಿನ ಮನೇಲಿ ಮಗಳು ಮಲಗೋ ರೂಮಿಗೂ ಬಾತ್‌ರೂಮಿಗೂ ಒಂದೇ ಗೋಡೆ. ಬೇಸಿಗೇಲಿ ನೋಡಿದಾಗ ಚೆನ್ನಾಗೇ ಇತ್ತು, ಮಳೆ ಹಿಡಿದ ಮೇಲೆ ಕೆಳಗಡೆ ಪೇಂಟ್ ಗುಳ್ಳೆ ಗುಳ್ಳೆ ಎದ್ದು, ಬೆರಳಲ್ಲಿ ಒತ್ತಿದ್ರೆ ಉಪ್ಪಿನ ಥರ ಬಿಳಿ ಪುಡಿ ಉದುರೋದು. ಆ ಪುಡಿ ಬೂಷ್ಟಲ್ಲ, ಇಟ್ಟಿಗೆ ಸಿಮೆಂಟಲ್ಲಿರೋ ಲವಣ, ಆದ್ರೆ ಅದು ಹೊರಗೆ ಬಂದಿದೆ ಅಂದ್ರೆ ಗೋಡೆ ಒಳಗೆ ನೀರು ಹರಿದಾಡ್ತಿದೆ ಅಂತ. ನಿಜವಾದ ಬೂಷ್ಟು ಇದ್ದಿದ್ದು ಬೀರು ಹಿಂದೆ, ಗಾಳಿನೇ ಆಡದ ಜಾಗದಲ್ಲಿ, ಕಪ್ಪು ಚುಕ್ಕಿ ಚುಕ್ಕಿಯಾಗಿ, ಕೆಳಗಿಟ್ಟಿದ್ದ ಅವಳ ಹಳೇ ಸ್ಕೂಲ್ ಬ್ಯಾಗಿನ ಬೆಲ್ಟಿಗೂ ಹತ್ಕೊಂಡಿತ್ತು.

ಅವಳಿಗೆ ಹಗಲೆಲ್ಲಾ ಏನೂ ಇಲ್ಲ, ರಾತ್ರಿ ಮಲಗಿದ ಮೇಲೆ ಒಣ ಕೆಮ್ಮು, ಬೆಳಗಿನ ಜಾವ ಎದೆಯಲ್ಲಿ ಸುಯ್ ಸುಯ್ ಸದ್ದು. ಮನೆಗೆ ಬಂದೋರೆಲ್ಲಾ ಅವಳದ್ದು ಥಂಡಿ ಮೈ, ಬಾಳೆಹಣ್ಣು ಮೊಸರು ಕೊಡ್ಬೇಡಿ ಅನ್ನೋರು. ಊರಿಗೆ ಹೋದ್ರೆ ಕಡಿಮೆಯಾಗಿ ವಾಪಸ್ ಬಂದ್ರೆ ಮತ್ತೆ ಶುರುವಾಗುತ್ತೆ ಅಂತ ಹೇಳಿದಾಗ ಮಕ್ಕಳ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಮನೇಲಿ ಗೋಡೆ ತೇವ ಇದ್ಯಾ ಅಂತ.

ಬೂಷ್ಟಿನ ಕಣಗಳು ಗಾಳೀಲಿ ಎಲ್ಲಾ ಕಡೆ ಇರ್ತವೆ, ಬೆಳೆಯೋಕೆ ಮುಖ್ಯವಾಗಿ ಬೇಕಾಗಿರೋದು ನೀರು, ನೆಂದಿದ್ದು 24ರಿಂದ 48 ಗಂಟೆ ಒಳಗೆ ಒಣಗಿಲ್ಲ ಅಂದ್ರೆ ಹಿಡ್ಕೊಳ್ಳೋಕೆ ಸಾಕು. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡ್ತಾರೆ, ಶ್ವಾಸನಾಳ ಇನ್ನೂ ಸಣ್ಣದು, ಸ್ವಲ್ಪ ಊದಿಕೊಂಡ್ರೂ ಗಾಳಿ ಹೋಗೋ ದಾರಿ ಕಿರಿದಾಗುತ್ತೆ. ತೇವ ಮತ್ತೆ ಬೂಷ್ಟು ಇರೋ ಮನೆಗಳಲ್ಲಿ ಆಸ್ತಮಾ, ಕೆಮ್ಮು, ಉಬ್ಬಸ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಮಗು 2020ರ ಡಿಸೆಂಬರಲ್ಲಿ ತೀರ್ಕೊಂಡ್ತು. ಬಾಡಿಗೆ ಫ್ಲಾಟಲ್ಲಿದ್ದ ಬೂಷ್ಟಿನ ಗಾಳಿ ಬಹಳ ಕಾಲ ಕುಡಿದಿದ್ದೇ ಉಸಿರಾಟದ ಕಾಯಿಲೆಗೆ ಕಾರಣ ಅಂತ 2022ರಲ್ಲಿ ಅಲ್ಲಿನ ವಿಚಾರಣೆಯಲ್ಲಿ ತೀರ್ಮಾನ ಆಯ್ತು. ಅವರಪ್ಪ 2017ರಿಂದಲೇ ದೂರು ಕೊಟ್ಟಿದ್ರು, ಸಿಕ್ಕ ಉತ್ತರ ಮೇಲೆ ಪೇಂಟ್ ಹೊಡ್ಕೊಳ್ಳಿ ಅಂತ. ಇದನ್ನ ಓದಿದಾಗ ನಂಗೆ ಹೊಟ್ಟೆ ಕಿವುಚಿದ ಹಾಗಾಯ್ತು. ಈಗ ಅಲ್ಲಿ ಆ ಮಗು ಹೆಸರಲ್ಲೇ ಕಾನೂನಿದೆ, 2025ರ ಅಕ್ಟೋಬರಿಂದ ಜಾರಿ, ಸಾಮಾಜಿಕ ವಸತಿ ಮನೆಗಳಲ್ಲಿ (ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡೋ ಮನೆಗಳು) ಅಪಾಯ ತುರ್ತಿನದ್ದಾದ್ರೆ 24 ಗಂಟೆಯೊಳಗೆ ಸರಿಪಡಿಸ್ಬೇಕು.

ನಮ್ಮಲ್ಲಿ ಏನಾಗುತ್ತೆ ಅಂದ್ರೆ ಮನೆ ಖಾಲಿ ಮಾಡೋವಾಗ ಪೇಂಟಿಂಗ್ ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಮುರ್ಕೋತಾರೆ, ಆ ದುಡ್ಡಲ್ಲಿ ಅದೇ ಒದ್ದೆ ಗೋಡೆಗೆ ಪುಟ್ಟಿ ಬಳಿದು ಬಣ್ಣ ಹೊಡೀತಾರೆ, ಮುಂದಿನ ಮಳೆಗಾಲಕ್ಕೆ ಇನ್ನೊಬ್ಬರ ಮಗು ಆ ಗೋಡೆ ಪಕ್ಕ ಮಲಗುತ್ತೆ. ಇದು ಅನ್ಯಾಯ. ಪೈಪ್ ಎಲ್ಲಿ ಸೋರ್ತಿದೆ, ಟೈಲ್ಸ್ ಸಂದಿಯಿಂದ ಎಲ್ಲಿ ನೀರಿಳೀತಿದೆ ಅಂತ ಹುಡುಕಿ ರಿಪೇರಿ ಮಾಡಿಸದೆ ಎಷ್ಟು ಕೋಟ್ ಹೊಡೆದ್ರೂ ಬೂಷ್ಟು ಮತ್ತೆ ಬರುತ್ತೆ.

ನಮ್ಮ ಕೈಲಿ ಆಗೋದು ಅಂದ್ರೆ ಮೊದಲು ಮಗು ಹಾಸಿಗೆ ಆ ರೂಮಿಂದ ಬೇರೆ ಕಡೆ ಹಾಕಿ, ಬೀರು ಮಂಚ ಗೋಡೆಯಿಂದ ಒಂದು ಗೇಣು ಈಚೆಗೆ ಎಳೀರಿ, ಮಳೆಗಾಲದಲ್ಲಿ ಒದ್ದೆ ಬಟ್ಟೆ ಮಲಗೋ ರೂಮಲ್ಲಿ ಒಣಗಿಸ್ಬೇಡಿ. ಸ್ವಲ್ಪ ಜಾಗ ಆದ್ರೆ ಮಾಸ್ಕ್ ಹಾಕ್ಕೊಂಡು ಸೋಪಿನ ನೀರಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ, ಒಣ ಪೊರಕೇಲಿ ಗುಡಿಸಿದ್ರೆ ಕಣ ಎಲ್ಲಾ ಗಾಳಿಗೆ ಏಳುತ್ತೆ. ಮಕ್ಕಳು ಆಗ ಪಕ್ಕದಲ್ಲಿ ಇರ್ಬಾರ್ದು. ಬ್ಲೀಚನ್ನ ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಅಪ್ಪಿತಪ್ಪಿಯೂ ಬೆರೆಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಅದು ಬೂಷ್ಟಿಗಿಂತ ಅಪಾಯ. ಮಗುಗೆ ಡಾಕ್ಟರ್ ಇನ್‌ಹೇಲರ್ ಕೊಟ್ಟಿದ್ರೆ, ಗೋಡೆ ಸರಿಯಾಯ್ತು ಅಂತ ಅದನ್ನ ನೀವೇ ನಿಲ್ಲಿಸೋದೂ ಬೇಡ, ಅದನ್ನ ಡಾಕ್ಟರ್ ಹೇಳ್ಲಿ.

ಹೊಸ ಮನೆಗೆ ಹೋಗೋವಾಗ ನಾವು ಅಗ್ರಿಮೆಂಟಲ್ಲೇ ಸೀಪೇಜ್ ಬಂದ್ರೆ ರಿಪೇರಿ ಓನರ್‌ದೇ ಅಂತ ಒಂದು ಸಾಲು ಸೇರಿಸ್ಕೊಂಡ್ವಿ, ಓನರ್ ಸ್ವಲ್ಪ ಮುಖ ಸಿಂಡರಿಸಿದ್ರೂ ಸೈನ್ ಹಾಕಿದ್ರು, ನೀವೂ ಕೇಳಿ.