‘ಕ್ಲಾಸಲ್ಲಿ ನಿಮ್ಮ ಮನೆ ಕಥೆ ಯಾಕೆ ಹೇಳ್ತೀರಿ ಮೇಡಂ?’

ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು ಕೇಳುತ್ತಾರೆ. ಕೆಲವೊಮ್ಮೆ ಮಕ್ಕಳ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ನಾನು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಜಾತಿ, ಧರ್ಮ, ಹೆಣ್ಣು ಗಂಡಿನ ಭೇದ, ಅಂಗವಿಕಲತೆ ಎಲ್ಲವೂ ಸಿಲಬಸ್‌ನಲ್ಲೇ ಇದೆ. ಪುಸ್ತಕದಲ್ಲಿರುವುದನ್ನು ಹೇಳಿ ನೋಟ್ಸ್ ಕೊಟ್ಟರೆ ಸಾಕಲ್ವಾ, ಸ್ವಂತ ವಿಷಯ ಯಾಕೆ ಅನ್ನುವುದು ಮೊದಲ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು: ಕಥೆಯೇ ಬೇಕು ಅಂದರೆ ಕಷ್ಟ ಅನುಭವಿಸಿದ ಮಕ್ಕಳ ಬಾಯಲ್ಲೇ ಹೇಳಿಸಬಹುದಲ್ಲ?

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಬೇಡ. ನಾನು ಹಾಗೆ ಮಾಡಿ ನೋಡಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅಸ್ಪೃಶ್ಯತೆಯ ಪಾಠ. ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ‘ನಿಮ್ಮೂರಲ್ಲಿ ಹೇಗಿದೆ, ಹೇಳಪ್ಪ’ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅವನು ಎದ್ದು ನಿಂತ. ಇಡೀ ಕ್ಲಾಸು ಹಿಂದಕ್ಕೆ ತಿರುಗಿ ಅವನನ್ನು ನೋಡಿತು. ‘ಏನಿಲ್ಲ ಮೇಡಂ, ಚೆನ್ನಾಗಿದೆ’ ಎಂದು ಕೂತುಬಿಟ್ಟ. ಆಮೇಲೆ ಹತ್ತು ದಿನ ನನ್ನ ಕ್ಲಾಸಿಗೆ ಬರಲಿಲ್ಲ. ಅವನ ಜಾತಿ ಯಾವುದು ಅಂತ ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ನಾನೇ ಗೊತ್ತು ಮಾಡಿದ್ದೆ. ವಿದ್ಯಾರ್ಥಿಗಳ ಜಾತಿಯನ್ನು ಕ್ಲಾಸಿನಲ್ಲಿ ಎಲ್ಲರೆದುರು ಹೇಳುವುದು, ‘ಇವರು ಮೀಸಲಾತಿಯವರು’ ಎಂದು ಗುರುತಿಸುವುದು ತಾರತಮ್ಯ ಎಂದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2012ರ ನಿಯಮಗಳಲ್ಲೇ ಇತ್ತು. ಆದರೂ ಸ್ಕಾಲರ್‌ಶಿಪ್ ಅರ್ಜಿ ಬಂದಾಗ ‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ’ ಎನ್ನುವ ದನಿ ನಮ್ಮಲ್ಲಿ ಎಷ್ಟೋ ಜನ ಕೇಳಿದ್ದೇವೆ, ಅಲ್ವಾ? ನಾನು ಮಾಡಿದ್ದೂ ಅದನ್ನೇ, ಸ್ವಲ್ಪ ಮೆತ್ತಗಿನ ಮಾತಿನಲ್ಲಿ.

ಆ ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಮಾರನೇ ವರ್ಷ ಅದೇ ಪಾಠ ಬಂದಾಗ ನನ್ನ ಕಥೆ ಹೇಳಿದೆ.

ಮಲೆನಾಡಿನಲ್ಲಿ ನಮ್ಮ ಅಜ್ಜಿ ಮನೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಕೆಲಸಕ್ಕೆ ಜನ ಬರುತ್ತಿದ್ದರು. ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ತೆಂಗಿನ ಕರಟ ಇರುತ್ತಿತ್ತು. ಕೆಲಸಕ್ಕೆ ಬರುವ ಆಕೆ ಅದನ್ನು ತಾನೇ ತೆಗೆದು, ತಾನೇ ತೊಳೆದು, ಅಂಗಳದ ಅಂಚಿನಲ್ಲಿ ಹಿಡಿದು ನಿಲ್ಲಬೇಕಿತ್ತು. ನಾನು ಚೊಂಬಿನಿಂದ ಮೇಲಿಂದ ಕಾಫಿ ಹೊಯ್ಯಬೇಕಿತ್ತು. ನನಗೆ ಎಂಟು ವರ್ಷ. ಚೊಂಬು ಕರಟಕ್ಕೆ ತಾಗದ ಹಾಗೆ ಹೊಯ್ಯುವುದನ್ನು ಅಜ್ಜಿಯೇ ಕಲಿಸಿದ್ದರು, ಅಕ್ಕಿ ಆರಿಸುವುದನ್ನು, ಹೂ ಕಟ್ಟುವುದನ್ನು ಕಲಿಸಿದಷ್ಟೇ ಪ್ರೀತಿಯಿಂದ, ಪಕ್ಕದಲ್ಲೇ ನಿಂತು. ಚೆಲ್ಲದೆ ಹೊಯ್ದರೆ ‘ಜಾಣೆ’ ಎನ್ನುತ್ತಿದ್ದರು. ಆ ಮಾತಿಗೆ ನನಗೆ ಖುಷಿಯಾಗುತ್ತಿತ್ತು. ಇದನ್ನು ಹೇಳುವುದೇ ನನಗೆ ಜಾಸ್ತಿ ಕಷ್ಟ.

ಹೇಳಿ ಮುಗಿಸಿದಾಗ ಒಬ್ಬ ಹುಡುಗಿ ಕೇಳಿದಳು: ‘ಬಿಸಿ ಕಾಫಿ ಅವರ ಕೈ ಮೇಲೆ ಬೀಳ್ತಿತ್ತಾ ಮೇಡಂ?’

ಬೀಳುತ್ತಿತ್ತು. ಆಕೆಯ ಕೈ ನನಗೆ ನೆನಪಿದೆ. ಮುಖ ನೆನಪಿಲ್ಲ.

ಆಮೇಲೆ ಒಬ್ಬೊಬ್ಬರೇ ಮಾತಾಡಿದರು. ‘ನಮ್ಮನೇಲಿ ಕರಟ ಇಲ್ಲ, ಸ್ಟೀಲ್ ಲೋಟಾನೇ, ಆದರೆ ಬಚ್ಚಲ ಹತ್ರ ಬೇರೆ ಇಡ್ತೀವಿ’ ಎಂದ ಒಬ್ಬ. ‘ಈಗ ನಾವು ಪೇಪರ್ ಕಪ್ ತರ್ತೀವಿ. ಕೆಲಸದವರಿಗೆ ಮಾತ್ರ. ನೆಂಟರಿಗೆ ಪಿಂಗಾಣಿ’ ಎಂದಳು ಇನ್ನೊಬ್ಬಳು, ಹೇಳುತ್ತಾ ಹೇಳುತ್ತಾ ಅವಳ ದನಿಯೇ ಸಣ್ಣಗಾಯಿತು. ಯಾರನ್ನೂ ನಾನು ಎಬ್ಬಿಸಿ ಕೇಳಿರಲಿಲ್ಲ. ಅವತ್ತು ಮಾತಾಡಿದ್ದು ಹೊಯ್ಯುವ ಕಡೆಯ ಮನೆಗಳ ಮಕ್ಕಳು. ಕ್ಲಾಸು ಬಿಟ್ಟ ಮೇಲೆ ಕಾರಿಡಾರಿನಲ್ಲಿ ಒಬ್ಬ ಹುಡುಗ ಬಂದು ಹೇಳಿದ: ‘ನಮ್ಮಜ್ಜಿ ಹಾಗೆ ಕುಡ್ಕೊಂಡು ಬಂದೋರು ಮೇಡಂ. ಆದ್ರೆ ನಾನು ಕ್ಲಾಸಲ್ಲಿ ಹೇಳಲ್ಲ.’ ಹೇಳಬೇಡ ಕಣೋ, ಯಾವತ್ತೂ ಹೇಳಬೇಕಾಗಿಲ್ಲ ಎಂದೆ.

ನನ್ನ ಉತ್ತರ ಇಷ್ಟೇ. ನೋವು ತಿಂದವರ ಕಥೆಯನ್ನು ಬಿಟ್ಟಿ ಪಾಠ ಮಾಡಿಕೊಳ್ಳುವ ಹಕ್ಕು ನಮಗಿಲ್ಲ. ಅನುಕೂಲದಲ್ಲಿ ಬೆಳೆದ ನಾನು ಮೊದಲು ಬಾಯಿ ಬಿಡಬೇಕು. ಮೇಷ್ಟ್ರು ತಮ್ಮ ಮನೆಯ ಗೂಡನ್ನು ತೋರಿಸಿದರೆ ಮಕ್ಕಳು ತಮ್ಮ ಮನೆಯ ಗೂಡನ್ನು ನೋಡಲು ಹೆದರುವುದಿಲ್ಲ.

ಹಾಗಂತ ಆ ಕಡೆಯ ದನಿ ಬೇಡವೇ? ಬೇಕೇ ಬೇಕು. ಆದರೆ ತಾವಾಗಿಯೇ ಲೋಕಕ್ಕೆ ಹೇಳಿದವರ ಮಾತು ಬರಹದಲ್ಲಿ ಬೇಕಾದಷ್ಟಿದೆ. ನಾನು ಅಂಬೇಡ್ಕರ್ ಅವರ ‘ವೇಟಿಂಗ್ ಫಾರ್ ಎ ವೀಸಾ’ದ ಮೊದಲ ಭಾಗ ಓದಿಸುತ್ತೇನೆ. 1901ರ ಸುಮಾರಿಗೆ ಹುಡುಗ ಭೀಮರಾವ್ ಸತಾರಾದಿಂದ ಕೋರೆಗಾಂವ್‌ನಲ್ಲಿದ್ದ ತಂದೆಯನ್ನು ನೋಡಲು ಹೊರಡುತ್ತಾನೆ. ಜೊತೆಗಿದ್ದವರೂ ಮಕ್ಕಳೇ. ಎಲ್ಲರದೂ ಒಳ್ಳೆ ಬಟ್ಟೆ. ಮಸೂರ್ ಸ್ಟೇಷನ್ನಿನಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಹಾರ ಜಾತಿಯ ಮಕ್ಕಳು ಎಂದು ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ಟರ್ ಮುಖ ಬದಲಾಗುತ್ತದೆ. ಎರಡರಷ್ಟು ಬಾಡಿಗೆಗೆ ಗಾಡಿಯವನೊಬ್ಬ ಒಪ್ಪುತ್ತಾನೆ, ಆದರೆ ಮಕ್ಕಳೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದೆ, ಕುಡಿಯಲು ನೀರು ಸಿಗುವುದಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ಅಂಬೇಡ್ಕರರನ್ನು ನೋಡಿದ್ದ ಮಕ್ಕಳು ಬಾಯಾರಿದ ಆ ಹುಡುಗನನ್ನು ಮರೆಯುವುದಿಲ್ಲ. ಅಸ್ಪೃಶ್ಯತೆಯನ್ನು ಹೊರದೇಶದವರಿಗೆ ತಿಳಿಸಲು ಎರಡು ದಾರಿ, ಒಂದು ಸಾಮಾನ್ಯ ವಿವರಣೆ, ಇನ್ನೊಂದು ನಡೆದ ಘಟನೆಗಳು, ಎರಡನೆಯದೇ ಹೆಚ್ಚು ತಾಗುತ್ತದೆ ಎಂದು ಶುರುವಿನಲ್ಲಿ ಅವರೇ ಹೇಳಿದ್ದಾರೆ. ನನ್ನನ್ನು ಕೇಳುವವರಿಗೆ ಆ ಪುಟವನ್ನೇ ತೋರಿಸುತ್ತೇನೆ.

ಒಂದು ಎಚ್ಚರಿಕೆ. ಕಥೆ ಕೇಳಿ ‘ಅಯ್ಯೋ ಪಾಪ’ ಎಂದು ಎದ್ದು ಹೋದರೆ ಏನೂ ಆಗಲಿಲ್ಲ. ಅದಕ್ಕೇ ಕಥೆ ಮುಗಿದ ಕೂಡಲೇ ಕಾನೂನಿಗೆ ಬರುತ್ತೇನೆ, ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಗೆ. ‘ಮೀಸಲಾತಿ ಯಾಕೆ ಬೇಕು ಮೇಡಂ’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ 1918ಕ್ಕೆ ಹೋಗುತ್ತೇವೆ. ಸರ್ಕಾರಿ ಕೆಲಸಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ ಎಂದು ನೋಡಲು ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಸರ್ಕಾರ ಲೆಸ್ಲಿ ಮಿಲ್ಲರ್ ಸಮಿತಿ ಮಾಡಿದ ಕಾಲ. ಸ್ವಾತಂತ್ರ್ಯಕ್ಕೂ ಮೊದಲೇ ನಮ್ಮ ನೆಲದಲ್ಲಿ ಈ ಮಾತು ಶುರುವಾಗಿತ್ತು ಎಂದಾಗ ಜಗಳಕ್ಕೆ ನಿಂತವರೂ ಕೂತು ಕೇಳುತ್ತಾರೆ. ಅಂಗವಿಕಲರ 2016ರ ಕಾಯ್ದೆಯನ್ನೂ ಹೀಗೇ ಮಾಡುತ್ತೇನೆ: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5 ಸೀಟು ಎನ್ನುವ ಮೊದಲು, ನಮ್ಮ ಕ್ಲಾಸಿಗೆ ಬರಲು ಎಷ್ಟು ಮೆಟ್ಟಿಲು ಹತ್ತಬೇಕು ಎಣಿಸಿಕೊಂಡು ಬನ್ನಿ ಎನ್ನುತ್ತೇನೆ.

ಸಿಲಬಸ್ ಮುಗಿಯುತ್ತಾ ಎಂದು ಕೇಳುವವರಿಗೆ: ಮುಗಿಯುತ್ತದೆ. ಇಡೀ ಸೆಮಿಸ್ಟರಿಗೆ ಇದಕ್ಕೆ ನಾನು ತೆಗೆದುಕೊಳ್ಳುವುದು ನಾಲ್ಕೇ ಕ್ಲಾಸು.

ಅದರಲ್ಲೊಂದು ನಾಳೆ ಇದೆ. ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ತಾವು ಚೆನ್ನಾಗಿ ಬಲ್ಲ ಯಾವುದಾದರೂ ಒಂದು ಮನೆಯ ನಕ್ಷೆ ಬರೆದು ತರಬೇಕು. ಅಂಗಳ, ಜಗಲಿ, ನಡುಮನೆ, ಅಡುಗೆಮನೆ, ದೇವರ ಕೋಣೆ. ಹೊರಗಿನಿಂದ ಬರುವ ಒಬ್ಬೊಬ್ಬರೂ, ಹಾಲಿನವರು, ಕಸದವರು, ಗೆಳೆಯರು, ಓನರ್ರು, ಎಲ್ಲಿಯವರೆಗೆ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ಚುಕ್ಕಿ ಇಡಬೇಕು. ಹಾಳೆಯ ಮೇಲೆ ಹೆಸರು ಬರೆಯುವ ಹಾಗಿಲ್ಲ. ನನ್ನ ಅಜ್ಜಿ ಮನೆಯ ನಕ್ಷೆ ಬರೆದಿಟ್ಟುಕೊಂಡಿದ್ದೇನೆ. ಅದನ್ನೇ ಮೊದಲು ಬೋರ್ಡಿಗೆ ಅಂಟಿಸುತ್ತೇನೆ.