ತೆಳು ಫ್ಲಾನೆಲ್‌ನಲ್ಲಿ ಹೊಲಿದ ಜಬಲಗಳು

ತಂಗಿಯ ಬಾಣಂತನ ಸಕಲೇಶಪುರದ ನಮ್ಮ ಮನೆಯಲ್ಲಿ, ಆಷಾಢದ ಮಳೆಯ ನಡುವೆ ನಡೆಯುವುದೆಂದು ಗೊತ್ತಾದಾಗಲೇ ಕೂಸಿಗೆ ಜಬಲ, ಅಂದರೆ ಸಡಿಲವಾದ ಪುಟ್ಟ ಅಂಗಿ, ಹೊಲಿಯಲೆಂದು ತೆಳುವಾದ ಹತ್ತಿಯ ಫ್ಲಾನೆಲ್ 2 ಮೀಟರ್ ತಂದಿಟ್ಟಿದ್ದೆ. ಹೆರಿಗೆಗೆ ಮೊದಲು ಹೊಲಿಯುವುದು ಬೇಡವೆಂದು ಅಮ್ಮ ಹೇಳಿದ್ದರಿಂದ, 11ನೆಯ ದಿನದ ಪುಣ್ಯಾಹ ಮುಗಿದ ಮೇಲೆಯೇ ತುಳಿಯುವ ಮೆಷಿನ್ನಿನ ಮುಂದೆ ಕುಳಿತೆ. ಅವಸರದಲ್ಲಿ ಬಟ್ಟೆಯನ್ನು ಒಗೆಯದೆ ಕತ್ತರಿಸಿದ್ದರಿಂದ ಮೊದಲ ಜಬಲ ಒಂದೇ ಒಗೆತಕ್ಕೆ ಕುಗ್ಗಿ, ತೋಳು ಮೊಣಕೈಯ ಮೇಲೇರಿತು. ಉಳಿದ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ ಒತ್ತಿ ಎತ್ತಿ, ಆಮೇಲೆ ಕತ್ತರಿ ಹಿಡಿದೆ.

ಈ ಬಟ್ಟೆ ಮೆತ್ತಗಿರುವುದಕ್ಕೂ ಹೊಲಿಯುವವರನ್ನು ಕಾಡುವುದಕ್ಕೂ ಕಾರಣ ಒಂದೇ. ಹೆಚ್ಚು ಹುರಿಯಿಲ್ಲದ ನೂಲಿನಿಂದ ನೇಯ್ದ ಬಟ್ಟೆಯನ್ನು ಸಣ್ಣ ತಂತಿಹಲ್ಲುಗಳ ಉರುಳೆಗಳ ಮೇಲೆ ಹಾಯಿಸಿ, ನೂಲಿನ ಎಳೆಗಳ ತುದಿಯನ್ನು ಮೇಲೆಬ್ಬಿಸುತ್ತಾರೆ. ಆ ನವಿರಿನ ನಡುವೆ ಗಾಳಿ ನಿಲ್ಲುವುದರಿಂದಲೇ ಫ್ಲಾನೆಲ್ ಬೆಚ್ಚಗಿರುತ್ತದೆ. ಅದೇ ನವಿರು ಹೊಲಿಯುವಾಗ ಎರಡು ಪದರಗಳನ್ನು ಒಂದಕ್ಕೊಂದು ಕಚ್ಚಿಸುತ್ತದೆ. ಕೆಳಗಿನ ಪದರವನ್ನು ಮೆಷಿನ್ನಿನ ಹಲ್ಲು ಹಿಂದಕ್ಕೆ ಎಳೆಯುತ್ತದೆ, ಮೇಲಿನದನ್ನು, ಬಟ್ಟೆಯನ್ನು ಒತ್ತಿಹಿಡಿಯುವ ಮೆಷಿನ್ನಿನ ಪಾದ ತಡೆದು ನಿಲ್ಲಿಸುತ್ತದೆ. ಹೀಗಾಗಿ ಭುಜದ ಹೊಲಿಗೆಯ ಕೊನೆಯಲ್ಲಿ ಮೇಲಿನ ಪದರ ಕಾಲು ಇಂಚು ಹೆಚ್ಚಾಗಿ ಉಳಿಯಿತು. ಒತ್ತಡ ಕಡಿಮೆಯಾಗಲೆಂದು ಪಾದದ ಕಂಬದ ತಲೆಯ ಮೇಲಿರುವ ತಿರುಪನ್ನು ಎರಡು ಸುತ್ತು ಸಡಿಲಿಸಿ, 2 ಇಂಚಿಗೊಂದರಂತೆ ಗುಂಡುಸೂಜಿಗಳನ್ನು ಅಡ್ಡವಾಗಿ ಚುಚ್ಚಿ, 14 ನಂಬರಿನ ಹೊಸ ಸೂಜಿಯಲ್ಲಿ ಇಂಚಿಗೆ 10 ಹೊಲಿಗೆಯಂತೆ ನಿಧಾನವಾಗಿ ತುಳಿದಾಗ ಅಂಚುಗಳು ಸರಿಯಾಗಿ ಕೂಡಿದವು.

ಎರಡನೆಯ ಜಬಲ ಮುಗಿಯುವಷ್ಟರಲ್ಲಿ ಹೊಲಿಗೆ ಅಲ್ಲಲ್ಲಿ ಬಿಟ್ಟುಹೋಗಿ, ಕೆಳಗಡೆ ದಾರ ಗಂಟುಗಂಟಾಗತೊಡಗಿತು. ದಾರದ ಬಿಗಿತ (ಟೆನ್ಷನ್) ತಪ್ಪಿದೆಯೆಂದು ಅರ್ಧ ಗಂಟೆ ಅದನ್ನೇ ತಿರುಗಿಸಿ, ಕಡೆಗೆ ಕೆಳದಾರದ ಬಾಬಿನ್ ಕೇಸ್ ತೆಗೆದು ನೋಡಿದರೆ, ಅದು ಕೂರುವ ಶಟಲಿನ ಸುತ್ತ ಫ್ಲಾನೆಲ್ಲಿನಿಂದ ಉದುರಿದ ಬೂದುಬಣ್ಣದ ನಾರು ಹೆಪ್ಪುಗಟ್ಟಿ, ಚಿಮಟದಿಂದ ಎಳೆದಾಗ ಉಂಗುರದಂತೆ ಇಡಿಯಾಗಿ ಕೈಗೆ ಬಂತು. ಅಂದಿನಿಂದ ಪ್ರತಿ ಜಬಲಕ್ಕೊಮ್ಮೆ ಬ್ರಷ್ಷಿನಿಂದ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಮೊದಲು ಚಿಂದಿಯ ಮೇಲೆ ಹೊಲಿದು ನೋಡುತ್ತೇನೆ. ಬಾಯಿಂದ ಊದಿದರೆ ನಾರು ಇನ್ನೂ ಒಳಕ್ಕೆ ಹೋಗುತ್ತದೆ.

ಹೊಲಿಗೆಯ ಅಂಚುಗಳನ್ನು ನಾನು ಹೊರಮೈಗೇ ಇಟ್ಟು, ಒಂದನ್ನು ಅರ್ಧಕ್ಕೆ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಿಸಿ ಹೊಲಿದೆ. ಎಳೆಯ ಚರ್ಮಕ್ಕೆ ತಾಗುವ ಒಳಮೈ ನುಣುಪಾಗಿರಬೇಕು, ಹೊರಗಿನ ಅಂದ ಆಮೇಲಿನದು. ಗುಂಡಿಯ ಬದಲು ಮಗ್ಗುಲಿಗೆ ಕಟ್ಟುವ ಲಾಡಿ ಇಟ್ಟೆ.

ಮಳೆಗಾಲದಲ್ಲಿ ನಮ್ಮ ಕಡೆ ಕೂಸಿನ ಬಟ್ಟೆಗಳನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುವುದುಂಟು. ಎದ್ದುನಿಂತ ನವಿರಿಗೆ ಬೆಂಕಿ ಬೇಗ ಹತ್ತುವುದರಿಂದ ಫ್ಲಾನೆಲ್ಲಿಗೆ ಅದು ಬೇಡವೆಂದು ಅಮ್ಮನನ್ನು ಒಪ್ಪಿಸಿದ್ದೇನೆ. ಈಗ ಜಬಲಗಳು ನಡುಮನೆಯ ಹಗ್ಗದ ಮೇಲೆ ಫ್ಯಾನಿನ ಗಾಳಿಗೆ ಒಣಗುತ್ತವೆ. ಎರಡು ದಿನ ಹಿಡಿಯುತ್ತದೆ, ಆದ್ದರಿಂದ ಇನ್ನೂ ಎರಡು ಹೊಲಿಯಬೇಕಾಗಿದೆ.