ಟ್ರಂಪೆಟ್‌ನವನ ಮನೆ, ಹಾಡುಗಾರನ ಬೀದಿ

ನ್ಯೂಯಾರ್ಕ್ ನೋಡಲು ಹೋದವರು 7ನೇ ನಂಬರಿನ ರೈಲು ಹತ್ತಿ ಕ್ವೀನ್ಸ್ ಕಡೆ ಹೋಗುವುದು ಕಡಿಮೆ. ಹೋದರೂ ಜಾಕ್ಸನ್ ಹೈಟ್ಸ್‌ನಲ್ಲಿ ಇಳಿದು, ದೋಸೆ ತಿಂದು ವಾಪಸ್. ನಾನು ಇನ್ನೂ ಮುಂದೆ, ಕೊರೊನಾ ಪ್ಲಾಜಾದವರೆಗೆ ಹೋದೆ. ಬೆಚ್ಚಬೇಡಿ, ಊರಿಗೆ ಆ ಹೆಸರು ವೈರಸ್ಸಿಗಿಂತ ಎಷ್ಟೋ ಮೊದಲಿನದು. ತಲೆಯ ಮೇಲೆ ರೈಲಿನ ಗಡಗಡ, ಕೆಳಗೆ ಸ್ಪ್ಯಾನಿಷ್ ಬೋರ್ಡುಗಳು, ತಳ್ಳುಗಾಡಿಯಲ್ಲಿ ಬಿಸಿ ಟಮಾಲೆ (ಜೋಳದ ಹಿಟ್ಟಿನ ಮೆಕ್ಸಿಕನ್ ಕಡುಬು). ಅಲ್ಲಿಂದ ಸ್ವಲ್ಪ ನಡೆದರೆ 107ನೇ ಸ್ಟ್ರೀಟಿನಲ್ಲಿ ಜಾಝ್ ಟ್ರಂಪೆಟ್ ವಾದಕ, ಹಾಡುಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಮನೆ.

ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಸಾಧಾರಣ ಇಟ್ಟಿಗೆ ಮನೆ. 1943ರಲ್ಲಿ ಅವರು ಊರೂರು ತಿರುಗುತ್ತಿದ್ದಾಗ ಹೆಂಡತಿ ಲೂಸಿಲ್ ತಾವೇ ನೋಡಿ ಕೊಂಡಿದ್ದು. ಪ್ರವಾಸ ಮುಗಿಸಿ ಬಂದ ಲೂಯಿಗೆ ಇದು ತನ್ನ ಮನೆ ಅಂತ ನಂಬಿಕೆಯೇ ಬರಲಿಲ್ಲವಂತೆ. ಟ್ಯಾಕ್ಸಿಯವನಿಗೆ ಸ್ವಲ್ಪ ಕಾಯಪ್ಪ ಅಂತ ಹೇಳಿ ಬಾಗಿಲು ತಟ್ಟಿದರಂತೆ. ಆಮೇಲೆ 1971ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಬಂಗಲೆ ಕೊಳ್ಳಲು ದುಡ್ಡಿಗೇನೂ ಕಡಿಮೆ ಇರಲಿಲ್ಲ.

ಒಳಗೆ ಮಾತ್ರ ಲೂಸಿಲ್ ಕೈ ಬಿಗಿಹಿಡಿದಿಲ್ಲ. ಅಡುಗೆಮನೆ ಪೂರ್ತಿ ಹೊಳೆಯುವ ನೀಲಿ. ಬಚ್ಚಲುಮನೆಯ ಗೋಡೆ ತುಂಬ ಕನ್ನಡಿ, ಬಂಗಾರದ ಬಣ್ಣದ ನಲ್ಲಿಗಳು. ನನಗೆ ಕಾಲು ಕೀಳಲಾಗದ ಜಾಗ ಲೂಯಿಯ ಓದುವ ಕೋಣೆ. ಗೋಡೆಯಲ್ಲೇ ಕೂರಿಸಿದ ದೊಡ್ಡ ಟೇಪ್ ರೆಕಾರ್ಡರುಗಳು. ಮನೆಯ ಹರಟೆ, ಜೋಕು, ಟ್ರಂಪೆಟ್ ಅಭ್ಯಾಸ, ಎಲ್ಲವನ್ನೂ ಈ ಮನುಷ್ಯ ನೂರಾರು ಟೇಪುಗಳಲ್ಲಿ ತುಂಬಿಟ್ಟಿದ್ದಾರೆ. ಟೇಪಿನ ಡಬ್ಬಿಗಳ ಮೇಲೆ ಪೇಪರ್ ಚಿತ್ರ ಕತ್ತರಿಸಿ ಅಂಟಿಸುವ ಹುಚ್ಚು ಬೇರೆ. ಮನೆ ತೋರಿಸುವ ಹುಡುಗಿ ಒಂದು ತುಣುಕು ಹಾಕಿದಳು. ಆ ಗೊರಗೊರ ದನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. ಅದೇ ಕೋಣೆಯಲ್ಲಿ ಅವರದೊಂದು ಪೇಂಟಿಂಗ್ ಇದೆ. ಬರೆದವರು ಗಾಯಕ ಟೋನಿ ಬೆನೆಟ್, ಅವರೂ ಕ್ವೀನ್ಸ್‌ನವರೇ.

ಕೇಳುತ್ತಾ ನಿಂತಾಗ ಅನ್ನಿಸಿದ್ದು, ಆರ್ಮ್‌ಸ್ಟ್ರಾಂಗ್ ಹಾಡುವಾಗಲೂ ಊದುತ್ತಲೇ ಇದ್ದಾರೆ. ತಾಳಕ್ಕಿಂತ ಸ್ವಲ್ಪ ಹಿಂದೆ ಬೀಳುವುದು, ಸಾಲನ್ನು ಬೇಕೆಂದಲ್ಲಿ ಮುರಿಯುವುದು, ಎಲ್ಲ ಟ್ರಂಪೆಟ್‌ನ ಚಾಳಿ. ಗಾಯಕ ಬಿಂಗ್ ಕ್ರಾಸ್ಬಿ ಇವರಿಂದ ಕಲಿತರು. 1925ರ ಸುಮಾರಿಗೆ ಮೈಕಿನಲ್ಲಿ ರೆಕಾರ್ಡಿಂಗ್ ಶುರುವಾಗಿತ್ತು. ಅದಕ್ಕೂ ಮೊದಲು ಕಹಳೆಯಂಥ ಕೊಳವೆಯೊಳಗೆ ಗಂಟಲು ಹರಿಯುವಂತೆ ಹಾಡಬೇಕಿತ್ತು. ಮೈಕು ಬಂದ ಮೇಲೆ ಕಿವಿಯ ಹತ್ತಿರ ಪಿಸುಗುಟ್ಟಿದರೂ ಸಾಕಾಯಿತು. ಕ್ರೂನರುಗಳು, ಅಂದರೆ ಕ್ರಾಸ್ಬಿಯಂತೆ ಮೆತ್ತಗೆ ಹಾಡುವವರು, ಹುಟ್ಟಿದ್ದೇ ಹಾಗೆ. ಪಿ.ಬಿ. ಶ್ರೀನಿವಾಸ್ ಕೇಳುತ್ತಾ ಬೆಳೆದವರಿಗೆ ಈ ಮೆತ್ತಗಿನ ಹಾಡು ಬೇಗ ಹಿಡಿಸುತ್ತದೆ, ಅಲ್ವಾ?

ಮರುದಿನ ಹಡ್ಸನ್ ನದಿಯ ಅಡಿಯಲ್ಲಿ ಓಡುವ ರೈಲು ಹಿಡಿದು ಆಚೆ ದಡದ ನ್ಯೂಜೆರ್ಸಿಯ ಹೊಬೊಕೆನ್‌ಗೆ ಹೋದೆ. ಗಾಯಕ ಫ್ರಾಂಕ್ ಸಿನಾತ್ರಾ 1915ರ ಡಿಸೆಂಬರ್ 12ರಂದು ಹುಟ್ಟಿದ್ದು ಅಲ್ಲಿನ ಮನ್ರೋ ಸ್ಟ್ರೀಟಿನ 415ನೇ ನಂಬರಿನಲ್ಲಿ. ಮನೆ ಈಗಿಲ್ಲ. ಫುಟ್‌ಪಾತಿನಲ್ಲಿ ಒಂದು ಕಂಚಿನ ನಕ್ಷತ್ರ ಹುದುಗಿಸಿದ್ದಾರೆ, ಅಷ್ಟೇ. ಜನ ಅದರ ಮೇಲೇ ನಡೆದು ಹೋಗುತ್ತಾರೆ. ಕೊರೊನಾದ ಮನೆ ನೋಡಿ ಬಂದವನಿಗೆ ಇದು ಸಪ್ಪೆ.

ಅದಕ್ಕಿಂತ ನದಿ ದಂಡೆಯ ಸಿನಾತ್ರಾ ಡ್ರೈವ್ ವಾಸಿ. ಎದುರಿಗೆ ಇಡೀ ಮ್ಯಾನ್‌ಹಟನ್. ಬೆಂಚಿನಲ್ಲಿ ಕೂತು ಟಾಮಿ ಡಾರ್ಸಿ ಬ್ಯಾಂಡಿನ ಜೊತೆ ಸಿನಾತ್ರಾ ಹಾಡಿದ 1940ರ ಹಾಡುಗಳನ್ನು ಹಾಕಿಕೊಂಡೆ. ಬ್ಯಾಂಡಿನ ಯಜಮಾನ ಡಾರ್ಸಿ ಟ್ರಾಂಬೋನ್ (ಉದ್ದ ಕೊಳವೆಯ ಹಿತ್ತಾಳೆ ವಾದ್ಯ) ಊದುವಾಗ ಉಸಿರು ತೆಗೆದುಕೊಳ್ಳುವುದೇ ಗೊತ್ತಾಗುತ್ತಿರಲಿಲ್ಲ. ಹಿಂದೆ ಕೂತು ಅದನ್ನೇ ಗಮನಿಸಿದ ಹುಡುಗ ಸಿನಾತ್ರಾ, ದಮ್ಮು ಹೆಚ್ಚಿಸಿಕೊಳ್ಳಲು ನೀರಿನೊಳಗೆ ಈಜಿದನಂತೆ. ಎರಡು ಸಾಲುಗಳ ನಡುವೆ ಬೇರೆಯವರು ನಿಲ್ಲುವ ಕಡೆ ಇವರು ನಿಲ್ಲುವುದಿಲ್ಲ, ಮಾತು ಮುಗಿದ ಮೇಲೇ ಉಸಿರು. ಕ್ರಾಸ್ಬಿಯ ಹಾಗೆ ಇವರ ಗುರುವೂ ಊದುವವರೇ ಆದರು.

ಮಧ್ಯಾಹ್ನ ಹತ್ತಿರದ ಹಳೆಯ ಇಟಾಲಿಯನ್ ಹೋಟೆಲಿಗೆ ಹೋದರೆ ಗೋಡೆ ತುಂಬ ಅವರದೇ ಫೋಟೋ. ಪಾಸ್ತಾ ಪರವಾಗಿಲ್ಲ. ಸ್ಪೀಕರಿನಲ್ಲಿ ಮಾತ್ರ ಯಾವುದೋ ಹೊಸ ಪಾಪ್ ಹಾಡು ಬರುತ್ತಿತ್ತು.